7 ತಿಂಗಳ ಭೇದಿ, 9 ಕೆಜಿ ಇಳಿತ: ತಮ್ಮನಿಗೆ ಕ್ರೋನ್ಸ್ ಇರಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 23 ವರ್ಷ. ನಮ್ಮ ತವರು ಚಳ್ಳಕೆರೆ ಕಡೆ. ಅವನು ದಾವಣಗೆರೆಯಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. 7 ತಿಂಗಳಿಂದ ಹೊಟ್ಟೆ ಸರಿಯಿಲ್ಲ. ದಿನಕ್ಕೆ ನಾಲ್ಕೈದು ಸಲ ಭೇದಿ. ರಾತ್ರಿ 2 ಗಂಟೆಗೂ ಎದ್ದು ಹೋಗುತ್ತಾನೆ. ಊಟ ಆದ ಮೇಲೆ ಬಲಗಡೆ ಕೆಳಹೊಟ್ಟೆ ಹಿಡಿದುಕೊಂಡು ಮಲಗುತ್ತಾನೆ. 58 ಕೆಜಿ ಇದ್ದವನು 49ಕ್ಕೆ ಬಂದಿದ್ದಾನೆ. ಮೊಳೆ ಕಾಯಿಸಿ ಬೆಲ್ಟಿಗೆ ಎರಡು ತೂತು ಜಾಸ್ತಿ ಮಾಡಿಕೊಂಡಿದ್ದಾನೆ. ಬಾಯಲ್ಲಿ ಪದೇ ಪದೇ ಹುಣ್ಣು. ಕಳೆದ ವರ್ಷ ಮಲದ್ವಾರದ ಪಕ್ಕ ಕುರು ಎದ್ದು ಕೊಯ್ಯಿಸಿದ್ದೆವು, ಅದು ಇನ್ನೂ ಆಗಾಗ ಒಸರುತ್ತದೆ. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಒಬ್ಬರು ಆಮಶಂಕೆ ಅಂದರು. ನಮ್ಮ ಅತ್ತೆ ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ತಿಕ್ಕಿಸಿದರು. ಈಗ ಒಬ್ಬ ಡಾಕ್ಟರು ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ ಇರಬಹುದು ಅನ್ನುತ್ತಾರೆ. ಇನ್ನೊಬ್ಬರು ಹೊಟ್ಟೆ ಟಿಬಿ, ನಾಳೆಯಿಂದಲೇ ಮಾತ್ರೆ ಶುರು ಮಾಡೋಣ ಅನ್ನುತ್ತಾರೆ. ಯಾರ ಮಾತು ಕೇಳೋದು? ದಿನಾ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದಕ್ಕೆ ಹೀಗಾಯಿತಾ? ಅವನಿಗೆ ಹೆಣ್ಣು ನೋಡುತ್ತಿದ್ದೇವೆ, ಅದನ್ನು ನಿಲ್ಲಿಸಬೇಕಾ?
ಒಬ್ಬ ಅಕ್ಕ, ದಾವಣಗೆರೆ

ಉತ್ತರ: ನೋಡಮ್ಮಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಆ ಬೆಲ್ಟು. 58 ಕೆಜಿಯಲ್ಲಿ 9 ಕೆಜಿ ಹೋಗಿದೆ ಅಂದರೆ ಮೈಯ ತೂಕದಲ್ಲಿ ನೂರಕ್ಕೆ 15 ಪಾಲು ಹೋದ ಹಾಗೆ. ಡಯಟ್ ಮಾಡದೆ, ಪ್ರಯತ್ನ ಪಡದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5 ಪಾಲು ಇಳಿದರೂ ನಾವು ಕಾರಣ ಹುಡುಕಲು ಶುರು ಮಾಡುತ್ತೇವೆ. ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ನನ್ನಿಂದ ಆಗುವ ಕೆಲಸ ಅಲ್ಲ. ಆದರೆ ಇದು ಬರೀ ಗ್ಯಾಸ್ಟ್ರಿಕ್ ಅಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ. ನಮ್ಮ ಕಡೆ ಎದೆಗೂಡಿನಿಂದ ಕೆಳಗೆ ಏನೇ ಆದರೂ ಗ್ಯಾಸ್ಟ್ರಿಕ್ ಅಂತಲೇ ಹೆಸರು. ಆ ಒಂದು ಪದದ ಹಿಂದೆ ಎಷ್ಟು ಕಾಯಿಲೆ ಬಚ್ಚಿಟ್ಟುಕೊಂಡಿರುತ್ತವೋ ಲೆಕ್ಕವಿಲ್ಲ.

ಬೇರೆಯವರನ್ನು ದೂರುವ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಸಣ್ಣ ಊರಿನ ಆಸ್ಪತ್ರೆ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸಾಲು ಕರಗುತ್ತಿರಲಿಲ್ಲ. ಕಾಲೇಜು ಹುಡುಗನೊಬ್ಬ ಒಂದು ವರ್ಷದಲ್ಲಿ ನಾಲ್ಕು ಸಲ ಬಂದ. ನಾಲ್ಕು ಸಲವೂ ಹೊಟ್ಟೆನೋವು, ಭೇದಿ. ನಾಲ್ಕು ಸಲವೂ ನಾನು ಆಮಶಂಕೆ ಅಂತ ಮೆಟ್ರೋನಿಡಜೋಲ್ ಬರೆದುಕೊಟ್ಟೆ. ಪ್ರತಿ ಸಲ ಹದಿನೈದು ದಿನ ಆರಾಮಾಗುತ್ತಿದ್ದ, ಮತ್ತೆ ಅದೇ ಕತೆ. ಐದನೇ ಸಲ ಅವನು ನನ್ನ ಹತ್ತಿರ ಬರಲಿಲ್ಲ. ಕರುಳು ಕಟ್ಟಿಕೊಂಡು ಬೇರೆ ಊರಿನಲ್ಲಿ ಆಪರೇಷನ್ ಆಯಿತು. ಕತ್ತರಿಸಿ ತೆಗೆದ ಕರುಳಿನ ತುಂಡು ಪರೀಕ್ಷೆಗೆ ಹೋದಾಗ ಕ್ರೋನ್ಸ್ ಅಂತ ಗೊತ್ತಾಯಿತು. ಆಮೇಲೆ ಅವನ ಅಪ್ಪ ಹಳೇ ಚೀಟಿಗಳನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ, ಸುಮ್ನೆ ಇಟ್ಟರು. ನಾಲ್ಕರಲ್ಲೂ ನನ್ನದೇ ಕೈಬರಹ. ಪ್ರತಿ ಚೀಟಿಯ ಮೂಲೆಯಲ್ಲಿ ನರ್ಸ್ ತೂಕ ಬರೆದಿದ್ದರು: 54, 52, 49, 46. ಒಂದೊಂದು ಚೀಟಿಯನ್ನೂ ನಾನು ಓದಿದ್ದೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿರಲಿಲ್ಲ.

ಈ ಕಾಯಿಲೆ ತಪ್ಪಿಸಿಕೊಳ್ಳುವುದೇ ಹಾಗೆ. ಅದು ಬಿಡಿಬಿಡಿಯಾಗಿ ಬರುತ್ತದೆ. ಬಾಯಿ ಹುಣ್ಣಿಗೆ ಹಲ್ಲಿನ ಡಾಕ್ಟರು, ಕಣ್ಣು ಕೆಂಪಾದರೆ ಕಣ್ಣಿನವರು, ಮಂಡಿ ಊದಿದರೆ ಮೂಳೆಯವರು, ಮಲದ್ವಾರದ ಕುರುವಿಗೆ ಸರ್ಜನ್. ಎಲ್ಲರೂ ತಮ್ಮ ತಮ್ಮ ತುಂಡನ್ನು ಸರಿಯಾಗಿಯೇ ನೋಡಿರುತ್ತಾರೆ. ಇಡೀ ಮನುಷ್ಯನನ್ನು ಒಂದೇ ಹಾಳೆಯ ಮೇಲೆ ಯಾರೂ ಬರೆದಿರುವುದಿಲ್ಲ. ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಪತ್ರದಲ್ಲಿ ಆ ಕೆಲಸ ನೀವು ಮಾಡಿದ್ದೀರಿ.

ಒಳಗೆ ಏನಾಗುತ್ತದೆ ಅಂತ ತಿಳಿದರೆ ಲಕ್ಷಣಗಳು ತಾವಾಗಿ ಅರ್ಥವಾಗುತ್ತವೆ. ನೀವು ದಾವಣಗೆರೆಯವರು, ಭದ್ರಾ ನಾಲೆ ನೋಡಿರುತ್ತೀರಿ. ನಾಲೆಯ ಒಳಗೋಡೆ ಒಂದು ಕಡೆ ಕಿತ್ತು ಹೋಗಿರುತ್ತದೆ. ಅದರ ಮುಂದೆ ಸ್ವಲ್ಪ ದೂರ ಚೆನ್ನಾಗಿರುತ್ತದೆ, ಮತ್ತೆ ಇನ್ನೊಂದು ಕಡೆ ಕುಸಿದಿರುತ್ತದೆ. ಕ್ರೋನ್ಸ್‌ನಲ್ಲಿ ಕರುಳು ಹೀಗೇ ಅಲ್ಲಲ್ಲಿ ಉರಿಯೂತವಾಗಿ ಹುಣ್ಣಾಗುತ್ತದೆ. ಬಾಯಿಯಿಂದ ಮಲದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದಕ್ಕೆ ಜಾಸ್ತಿ ಇಷ್ಟವಾದ ಜಾಗ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ತಾವು, ಅಂದರೆ ಬಲಗಡೆ ಕೆಳಹೊಟ್ಟೆ. ನಿಮ್ಮ ತಮ್ಮ ಕೈ ಇಟ್ಟುಕೊಂಡು ಮಲಗುವ ಜಾಗವೇ ಅದು. ಹುಣ್ಣು ಮೇಲ್ಪದರದಲ್ಲಿ ನಿಲ್ಲುವುದಿಲ್ಲ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ವಾಸಿಯಾಗುತ್ತಾ ಗಟ್ಟಿಯಾಗಿ, ಹೂಳು ತುಂಬಿದ ನಾಲೆಯ ಹಾಗೆ ದಾರಿ ಕಿರಿದಾಗುತ್ತದೆ. ಕೆಲವರಲ್ಲಿ ಗೋಡೆಯಿಂದ ಜಿನುಗಿದ್ದು ಪಕ್ಕದ ಹೊಲಕ್ಕೆ ತಾನೇ ಕಾಲುವೆ ಕೊರೆದುಕೊಂಡು ಹೋಗುತ್ತದೆ. ಅದೇ ಫಿಸ್ಟುಲಾ, ನಮ್ಮ ಜನ ಭಗಂದರ ಅನ್ನುತ್ತಾರಲ್ಲ, ಅದು.

ಈಗ ಗುರುತಿಸುವ ವಿಷಯಕ್ಕೆ ಬರೋಣ.

ಹೋಟೆಲ್ ಊಟ, ಜಾತ್ರೆ ನೀರು ಕುಡಿದು ಬರುವ ಭೇದಿ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ನಿಲ್ಲುತ್ತದೆ. ನಾಲ್ಕು ವಾರ ದಾಟಿದ ಭೇದಿ ಬೇರೆಯೇ ಜಾತಿ. ಅದರಲ್ಲೂ ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಐಬಿಎಸ್ ಅಂತ ಒಂದಿದೆ, ಕರುಳು ನೋಡಲು ಚೆನ್ನಾಗಿಯೇ ಇರುತ್ತದೆ, ನಡವಳಿಕೆ ಮಾತ್ರ ಸರಿಯಿರುವುದಿಲ್ಲ. ಪರೀಕ್ಷೆ ಇದ್ದ ದಿನ, ಬಸ್ಸು ಹತ್ತುವ ಮೊದಲು ಸಂಡಾಸಕ್ಕೆ ಓಡುತ್ತಾರೆ, ಆದರೆ ಮಲಗಿದ ಮೇಲೆ ಸಾಮಾನ್ಯವಾಗಿ ಅವರ ಕರುಳೂ ಮಲಗುತ್ತದೆ. ತೂಕ ಇಳಿಯುವುದಿಲ್ಲ, ಜ್ವರ ಬರುವುದಿಲ್ಲ, ರಕ್ತ ಹೋಗುವುದಿಲ್ಲ. ನಿಮ್ಮ ತಮ್ಮ ರಾತ್ರಿ 2 ಗಂಟೆಗೆ ಏಳುತ್ತಾನೆ ಅಂದಿದ್ದೀರಿ. ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ, ಅವರು ಕೇಳದಿದ್ದರೂ ಹೇಳಿ.

ರಕ್ತ ಹೋಗುತ್ತಿಲ್ಲ, ಹಾಗಾದರೆ ದೊಡ್ಡದೇನೂ ಇಲ್ಲ ಅಂತ ಎಷ್ಟೋ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಕ್ರೋನ್ಸ್ ಸಣ್ಣ ಕರುಳಿನಲ್ಲಿದ್ದರೆ ಕಣ್ಣಿಗೆ ಕಾಣುವ ರಕ್ತವೇ ಇರದಿರಬಹುದು. ರಕ್ತ, ಆಮ ಜಾಸ್ತಿ ಕಾಣುವುದು ಇದರ ದಾಯಾದಿ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ. ಅದು ದೊಡ್ಡ ಕರುಳಿನ ಕಾಯಿಲೆ.

ನೋವಿಗೂ ಒಂದು ಚಾಳಿ ಇರುತ್ತದೆ. ಊಟ ಮಾಡಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡುತ್ತದೆ, ಉಬ್ಬುತ್ತದೆ. ಗುಡುಗುಡು ಶಬ್ದ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ಆಮೇಲೆ ಏನೋ ಸರಿದಂತಾಗಿ ನೋವು ಇಳಿಯುತ್ತದೆ. ಇದು ದಾರಿ ಕಿರಿದಾದ ಕರುಳಿನ ಮಾತು. ಇಂಥವರು ಊಟಕ್ಕೇ ಹೆದರುತ್ತಾರೆ. 'ಹಸಿವಿಲ್ಲ' ಅನ್ನುತ್ತಾರೆ, ನಿಜಕ್ಕೂ ಇರುವುದು ಭಯ. ನಿಮ್ಮ ತಮ್ಮ ಎರಡು ಮುದ್ದೆಯಿಂದ ಅರ್ಧ ಮುದ್ದೆಗೆ ಇಳಿದಿದ್ದರೆ, ಸುಮ್ನೆ ಗದರಬೇಡಿ, ಯಾಕೆ ಅಂತ ಕೇಳಿ.

ಮಲದ್ವಾರದ ಕುರುವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದು ಅರ್ಧ ಪತ್ರಕ್ಕೆ ಸಮ. ಕೊಯ್ದ ಕುರು ಒಂದು ವರ್ಷವಾದರೂ ಒಸರುತ್ತಿದೆ ಅಂದರೆ ಒಳಗೆ ಫಿಸ್ಟುಲಾ ಇರಬಹುದು. ಫಿಸ್ಟುಲಾ ಇದ್ದವರಿಗೆಲ್ಲ ಕ್ರೋನ್ಸ್ ಇರುವುದಿಲ್ಲ, ಜಾಸ್ತಿ ಜನಕ್ಕೆ ಇರುವುದಿಲ್ಲ. ಆದರೆ ಫಿಸ್ಟುಲಾ ಜೊತೆಗೆ ಭೇದಿ, ತೂಕ ಇಳಿತ ಸೇರಿದರೆ ಲೆಕ್ಕ ಬದಲಾಗುತ್ತದೆ. ಮುಜುಗರಕ್ಕೆ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 'ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗುಣ' ಅನ್ನುವ ಗೋಡೆಬರಹ ನಮ್ಮ ಬಸ್ ಸ್ಟ್ಯಾಂಡುಗಳ ಸುತ್ತ ಬೇಕಾದಷ್ಟಿವೆ, ಗುಟ್ಟಾಗಿ ಅಲ್ಲಿಗೆ ಹೋಗಿಬಿಡುತ್ತಾರೆ. ದಯವಿಟ್ಟು ಅಲ್ಲಿ ಸುಡಿಸುವುದು, ದಾರ ಕಟ್ಟಿಸುವುದು ಮಾಡಬೇಡಿ. ಮೊದಲು ಕರುಳಿನಲ್ಲಿ ಏನಿದೆ ಅಂತ ತಿಳಿಯಬೇಕು. ಕ್ರೋನ್ಸ್ ಇದ್ದವರ ಫಿಸ್ಟುಲಾಗೆ ಸುಮ್ನೆ ಕತ್ತರಿ ಹಾಕಿದರೆ ಗಾಯ ಮಾಯದೆ ಉಳಿಯಬಹುದು, ಮಲ ತಡೆಯುವ ಸ್ನಾಯುವಿಗೂ ಪೆಟ್ಟು ಬೀಳಬಹುದು.

ಹೊಟ್ಟೆಯ ಹೊರಗೂ ಈ ಕಾಯಿಲೆ ಸುಳಿವು ಬಿಟ್ಟಿರುತ್ತದೆ. ಬಾಯಿ ಹುಣ್ಣು ನೀವೇ ಬರೆದಿದ್ದೀರಿ, ಮನೆಯಲ್ಲಿ ಅದನ್ನು 'ಉಷ್ಣ' ಅಂತ ಬಿಟ್ಟಿರುತ್ತಾರೆ. ಮಂಡಿ, ಕಾಲಿನ ಗಿಣ್ಣು ಊದುವುದು, ಬೆಳಗ್ಗೆ ಎದ್ದಾಗ ಸೊಂಟ ಬಿಗಿದುಕೊಳ್ಳುವುದು, ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು, ಇವನ್ನೂ ಕೇಳಿ ನೋಡಿ. ಕಣ್ಣು ಕೆಂಪಾಗಿ ನೋವಿದ್ದು ಬೆಳಕು ನೋಡಲಾಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ರಕ್ತ ಕಡಿಮೆಯಾಗಿ ಸುಸ್ತು ಇರುತ್ತದೆ. ವಿಟಮಿನ್ ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ, ಅದೇ ಹಾಳಾದರೆ ಬಿ12 ಕೂಡ ಇಳಿಯುತ್ತದೆ.

ಮಕ್ಕಳಿರುವವರಿಗೆ ಒಂದು ಮಾತು. ಮಕ್ಕಳಲ್ಲಿ ಭೇದಿ ಅಷ್ಟಾಗಿ ಇಲ್ಲದೆ ಬರೀ ಬೆಳವಣಿಗೆ ನಿಲ್ಲಬಹುದು. 13 ವರ್ಷದ ಹುಡುಗನಿಗೆ ಎರಡು ವರ್ಷದ ಹಿಂದಿನ ಯೂನಿಫಾರಂ ಪ್ಯಾಂಟು ಇನ್ನೂ ಸರಿಹೋಗುತ್ತಿದೆ ಅಂದರೆ ದುಡ್ಡು ಉಳಿಯಿತು ಅಂತ ಖುಷಿಪಡಬೇಡಿ, ತೋರಿಸಿ.

ಕ್ರೋನ್ಸ್ ಅಂದರೆ ಎಷ್ಟೋ ಜನರ ಕಿವಿಗೆ ಕೊರೋನಾ ಅಂತ ಕೇಳಿಸುತ್ತದೆ. ಎರಡಕ್ಕೂ ಸಂಬಂಧವಿಲ್ಲ, ಇದು ಅಂಟುವುದೂ ಇಲ್ಲ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ಕ್ರೋನ್ ಅನ್ನುವುದು ನ್ಯೂಯಾರ್ಕಿನ ಒಬ್ಬ ಡಾಕ್ಟರ ಹೆಸರು. 1932ರಲ್ಲಿ ಬರ್ರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದರ ಬಗ್ಗೆ ಬರೆದರು. ಅಕ್ಷರಮಾಲೆಯ ಪ್ರಕಾರ ಅವರ ಹೆಸರು ಮೊದಲು ಬಂತು, ಕಾಯಿಲೆಗೆ ಅದೇ ಅಂಟಿಕೊಂಡಿತು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಟಿಬಿಯೋ ಕ್ರೋನ್ಸೋ? ಇಬ್ಬರು ಡಾಕ್ಟರೂ ದಡ್ಡರಲ್ಲ. ಹೊಟ್ಟೆ ಟಿಬಿ ಕೂಡ ಅದೇ ಬಲಗಡೆ ಮೂಲೆಗೆ ಬರುತ್ತದೆ, ಇದೇ ವಯಸ್ಸಿನವರಿಗೆ ಬರುತ್ತದೆ, ಇದೇ ನೋವು, ಇದೇ ಜ್ವರ, ಇದೇ ತೂಕ ಇಳಿತ. ಸೂಕ್ಷ್ಮದರ್ಶಕದ ಕೆಳಗೆ ಕೂಡ ಎರಡರಲ್ಲೂ ಗ್ರ್ಯಾನುಲೋಮಾ ಅನ್ನುವ ಒಂದೇ ರೀತಿಯ ಗಂಟು ಕಾಣಬಹುದು. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ, ರಾತ್ರಿ ಬೆವರಿ ಬನಿಯನ್ ಒದ್ದೆಯಾಗುತ್ತದಾ, ಹೊಟ್ಟೆಯಲ್ಲಿ ನೀರು ತುಂಬಿದೆಯಾ, ಎದೆ ಎಕ್ಸ್‌ರೇಯಲ್ಲಿ ಏನಾದರೂ ಇದೆಯಾ, ಇವೆಲ್ಲ ಟಿಬಿ ಕಡೆ ತೂಗುತ್ತವೆ. ವಾಸಿಯಾಗದ ಫಿಸ್ಟುಲಾ, ಬಾಯಿ ಹುಣ್ಣು, ಕೀಲು ನೋವು, ಕರುಳಿನಲ್ಲಿ ಅಲ್ಲಲ್ಲಿ ಬಿಟ್ಟು ಬಿಟ್ಟು ಇರುವ ಉದ್ದುದ್ದ ಹುಣ್ಣು, ಇವು ಕ್ರೋನ್ಸ್ ಕಡೆ. ನಿಮ್ಮ ಪತ್ರ ಓದಿದರೆ ತಕ್ಕಡಿ ಸ್ವಲ್ಪ ಈ ಕಡೆಗೇ ವಾಲುತ್ತದೆ. ಆದರೆ ವಾಲಿದ್ದನ್ನು ನಂಬಿ ಔಷಧ ಕೊಡುವುದಿಲ್ಲ. ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡ್ ಮೈಯ ರಕ್ಷಣಾ ಶಕ್ತಿಯನ್ನು ತಗ್ಗಿಸುತ್ತದೆ, ಅದು ಟಿಬಿ ಇದ್ದವರಿಗೆ ಹೋದರೆ ಟಿಬಿ ಮೈಯೆಲ್ಲ ಹರಡಬಹುದು. ನಮ್ಮ ದೇಶದಲ್ಲಿ ಕ್ರೋನ್ಸ್ ಅನ್ನುವ ಮೊದಲು ಟಿಬಿಯನ್ನು ಎರಡೆರಡು ಸಲ ಯೋಚಿಸುವುದು ಇದಕ್ಕೇ.

ಹಾಗಂತ ಕರುಳಿನ ಸಣ್ಣ ತುಂಡು ತೆಗೆದು ಪರೀಕ್ಷಿಸದೆ ನಾಳೆಯೇ ಟಿಬಿ ಮಾತ್ರೆ ಶುರು ಮಾಡುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ತುರ್ತಿಲ್ಲದಿದ್ದರೆ ಮೊದಲು ಕೊಲೊನೋಸ್ಕೋಪಿ, ಅಂದರೆ ಮಲದ್ವಾರದಿಂದ ಕ್ಯಾಮೆರಾ ಹಾಕಿ ಕರುಳು ನೋಡುವ ಪರೀಕ್ಷೆ ಆಗಲಿ. ಇಲ್ಲಿ ಎರಡು ವಿಷಯ ನೀವೇ ಕೇಳಿ, ಮುಜುಗರ ಬೇಡ. ಒಂದು, 'ಟರ್ಮಿನಲ್ ಇಲಿಯಂ ಒಳಗೆ ಹೋಗಿ ನೋಡುತ್ತೀರಾ ಸರ್?' ಅಂತ. ಅದೇ ಸಣ್ಣ ಕರುಳಿನ ಕೊನೆಯ ಭಾಗ. ಕ್ಯಾಮೆರಾ ದೊಡ್ಡ ಕರುಳಿನಲ್ಲೇ ತಿರುಗಿ ವಾಪಸ್ ಬಂದರೆ 'ನಾರ್ಮಲ್' ಅಂತ ರಿಪೋರ್ಟ್ ಬರಬಹುದು, ಕಾಯಿಲೆ ಬಾಗಿಲ ಆಚೆಯೇ ಕೂತಿರುತ್ತದೆ. ಇನ್ನೊಂದು, ತೆಗೆದ ತುಂಡುಗಳು ಎರಡು ಬಾಟಲಿಯಲ್ಲಿ ಹೋಗಬೇಕು. ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಕೆಳಗೆ ನೋಡುವುದಕ್ಕೆ. ಬರೀ ಸಲೈನ್ ಇರುವ ಬಾಟಲಿ ಟಿಬಿ ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಮತ್ತು ಅದರ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತುಹೋಗುತ್ತವೆ, ಕಲ್ಚರ್‌ನಲ್ಲಿ ಏನು ಬೆಳೆಯುತ್ತದೆ? ಈ ಸಣ್ಣ ಮರೆವಿನಿಂದ ಎರಡನೇ ಸಲ ಕೊಲೊನೋಸ್ಕೋಪಿ ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಹಿಂದಿನ ದಿನ ಗಂಜಿ ತಿಳಿ, ಎಳನೀರು, ಆಮೇಲೆ ಲೀಟರುಗಟ್ಟಲೆ ಉಪ್ಪುಪ್ಪಾದ ಔಷಧಿ ನೀರು. ಅದನ್ನು ಕುಡಿಯುವುದೇ ಕಷ್ಟ, ಪರೀಕ್ಷೆ ಅಷ್ಟು ಕಷ್ಟವಲ್ಲ. ಸಾಮಾನ್ಯವಾಗಿ ಮಂಪರು ಕೊಟ್ಟು ಮಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಟಿಬಿ ಪರೀಕ್ಷೆ ನೆಗೆಟಿವ್ ಬಂದು ಅನುಮಾನ ಉಳಿಯುವುದುಂಟು. ಕರುಳಿನ ಟಿಬಿಯಲ್ಲಿ ರೋಗಾಣು ಕಡಿಮೆ, ಜೀನ್‌ಎಕ್ಸ್‌ಪರ್ಟ್‌ಗೂ ಎಷ್ಟೋ ಸಲ ಸಿಗುವುದಿಲ್ಲ. ಆಗ ಟಿಬಿ ಮಾತ್ರೆಯನ್ನೇ ಮೊದಲು ಕೊಟ್ಟು, ಎರಡು ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ ಹಾಕಿ ನೋಡುತ್ತಾರೆ. ಹುಣ್ಣು ಮಾಯ್ದಿದ್ದರೆ ಟಿಬಿ, 6 ತಿಂಗಳ ಕೋರ್ಸ್ ಮುಗಿಸಬೇಕು. ಮಾಯದಿದ್ದರೆ ಕ್ರೋನ್ಸ್ ಅಂತ ದಾರಿ ಬದಲಿಸುತ್ತಾರೆ. 'ಮಾತ್ರೆ ತಗೊಂಡು ಆರಾಮಾಗಿದ್ದಾನೆ, ಮತ್ತೆ ಯಾಕೆ ಪರೀಕ್ಷೆ' ಅಂತ ಇಲ್ಲಿ ಬಿಡಬೇಡಿ. ಕ್ರೋನ್ಸ್ ಇದ್ದವರಿಗೂ ಟಿಬಿ ಮಾತ್ರೆಯಲ್ಲಿ ಸ್ವಲ್ಪ ದಿನ ಹಗುರ ಅನ್ನಿಸಬಹುದು. ಅವನ ಬಾಯಿ ಆರಾಮು ಅಂದರೆ ಸಾಲದು, ಕರುಳೂ ಹೌದು ಅನ್ನಬೇಕು. ಟಿಬಿ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ನಿಮಗೆ ಗೊತ್ತೇ ಇದೆ.

ಕೊಲೊನೋಸ್ಕೋಪಿಗೆ ಮೊದಲು ಅಥವಾ ಜೊತೆಗೆ ರಕ್ತದಲ್ಲಿ ಹಿಮೋಗ್ಲೋಬಿನ್, ಉರಿಯೂತ ತೋರಿಸುವ ಸಿಆರ್‌ಪಿ, ಆಲ್ಬುಮಿನ್ ಅನ್ನುವ ಪ್ರೋಟೀನ್, ಬಿ12 ನೋಡುತ್ತಾರೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಪರೀಕ್ಷೆ ಇದೆ. ಒಂದು ಗ್ರಾಂ ಮಲದಲ್ಲಿ ಅದು 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಾಧ್ಯತೆ ಕಡಿಮೆ. 250 ದಾಟಿದರೆ ಉರಿಯೂತ ಜೋರಾಗಿದೆ ಅಂತ ಲೆಕ್ಕ. ನಡುವೆ ಬಂದರೆ ಇನ್ನೊಮ್ಮೆ ನೋಡಬೇಕು. ಟಿಬಿ, ಸೋಂಕು, ನೋವಿನ ಮಾತ್ರೆಯಿಂದಲೂ ಇದು ಏರುತ್ತದೆ, ಹಾಗಾಗಿ ಇದೊಂದರಿಂದಲೇ ಕ್ರೋನ್ಸ್ ಅನ್ನಲಾಗದು. ಸಣ್ಣ ಕರುಳಿನ ಉದ್ದಕ್ಕೂ ನೋಡಲು ಸಿಟಿ ಅಥವಾ ಎಂಆರ್ ಎಂಟರೋಗ್ರಫಿ ಅನ್ನುವ ಸ್ಕ್ಯಾನ್, ಫಿಸ್ಟುಲಾ ದಾರಿ ನೋಡಲು ಎಂಆರ್‌ಐ. ಹೊಟ್ಟೆಯ ಸಾಮಾನ್ಯ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡಿ.

ಮಂಡಕ್ಕಿ ಮೆಣಸಿನಕಾಯಿ ಮೇಲೆ ಗೂಬೆ ಕೂರಿಸಬೇಡಿ. ಮಿರ್ಚಿ ತಿಂದು ಕ್ರೋನ್ಸ್ ಬರುವ ಹಾಗಿದ್ದರೆ ದಾವಣಗೆರೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ, ನಾನೂ ಸೇರಿ. ಹುಟ್ಟಿನಿಂದ ಬಂದ ಗುಣ, ಕರುಳಿನೊಳಗಿನ ಬ್ಯಾಕ್ಟೀರಿಯಾ, ಮೈಯ ರಕ್ಷಣಾ ವ್ಯವಸ್ಥೆ ಹಾದಿ ತಪ್ಪುವುದು, ಇವೆಲ್ಲ ಸೇರಿ ಆಗುವ ಕಾಯಿಲೆ ಇದು. ಹೊಟ್ಟೆ ಕೆಟ್ಟಿರುವಾಗ ಖಾರ, ಎಣ್ಣೆ ಉರಿ ಹೆಚ್ಚಿಸುತ್ತದೆ, ಅಷ್ಟು ದಿನ ಬಿಡಲಿ. ಅದಕ್ಕಿಂತ ನನಗೆ ಭಯ ಜೋಳದ ತೆನೆಯದು. ಮಂಡಿಯಲ್ಲಿ ಕೆಲಸ ಅಂದಿರಿ. ಕರುಳು ಕಿರಿದಾಗಿದ್ದರೆ ಸುಟ್ಟ ತೆನೆ, ಸೀಬೆಬೀಜ, ಸಿಪ್ಪೆ ಸಮೇತದ ಕಾಳು ಹೋಗಿ ಅಡ್ಡ ನಿಲ್ಲಬಹುದು. ಪರೀಕ್ಷೆ ಆಗುವವರೆಗೆ ಮೆತ್ತಗೆ ಬೇಯಿಸಿದ ಅನ್ನ, ತೆಳ್ಳಗಿನ ಬೇಳೆ, ಮೊಟ್ಟೆ ತಿನ್ನುವವನಾದರೆ ಮೊಟ್ಟೆ. ಮಜ್ಜಿಗೆ ಒಗ್ಗಿದರೆ ಕುಡಿಯಲಿ. ಪಥ್ಯದ ಹೆಸರಲ್ಲಿ ಬರೀ ಗಂಜಿಗೆ ಹಾಕಿ ಇನ್ನೂ ಸೊರಗಿಸಬೇಡಿ. ಬೀಡಿ, ಸಿಗರೇಟು ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು, ಕ್ರೋನ್ಸ್ ಹೊಗೆಯಿಂದ ಖಂಡಿತ ಕೆರಳುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ಬೇಡ, ಜ್ವರಕ್ಕೋ ನೋವಿಗೋ ಪ್ಯಾರಾಸಿಟಮಾಲ್ ಸಾಕು. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿಯೂ ಬೇಡ. ಇನ್ನು ಹೊಟ್ಟೆ ತಿಕ್ಕಿಸುವುದು ಸಾಕು ಅಂತ ಅತ್ತೆಯವರಿಗೆ ನಾನೇ ಹೇಳಿದೆ ಅನ್ನಿ.

ಅಪಾಯಿಂಟ್‌ಮೆಂಟ್ ಅಂತ ಕಾಯಬಾರದ ಸಂದರ್ಭಗಳಿವೆ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ಗಾಳಿಯೂ ಹೋಗದಿದ್ದರೆ. ಚಳಿಜ್ವರ ಬಂದು ಮಲದ್ವಾರದ ಕುರು ಮತ್ತೆ ಊದಿ ಕೂರಲಾಗದಿದ್ದರೆ. ರಕ್ತ ತುಂಬಾ ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ಒಂದು ಹಾಳೆ ತಗೊಂಡು ಎಲ್ಲವನ್ನೂ ತಾರೀಖಿನ ಸಮೇತ ಬರೆಯಿರಿ. ಯಾವಾಗ ಕುರು ಕೊಯ್ಯಿಸಿದ್ದು, ಯಾವ ತಿಂಗಳು ಎಷ್ಟು ತೂಕ, ರಾತ್ರಿ ಎಷ್ಟು ಸಲ ಏಳುತ್ತಾನೆ, ಯಾವ ಮಾತ್ರೆ ಎಷ್ಟು ದಿನ ನುಂಗಿದ. ತವರಿನಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ನಿಮ್ಮ ಅಮ್ಮನನ್ನೇ ಕೇಳಿ, ಆ ತಲೆಮಾರಿನವರು ಅದನ್ನು ಮುಚ್ಚಿಡುತ್ತಾರೆ. ಆ ಹಾಳೆಯನ್ನು ಹಳೇ ಚೀಟಿಗಳ ಮೇಲೆ ಪಿನ್ ಮಾಡಿ ಹೊಟ್ಟೆ ಕರುಳಿನ ತಜ್ಞರ ಕೈಗೆ ಕೊಡಿ.

ಕ್ರೋನ್ಸ್ ಅಂತಲೇ ಆದರೆ ಬುಡಸಮೇತ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ. ಹತೋಟಿಯಲ್ಲಿಡುವ ಔಷಧಿ ಚೆನ್ನಾಗಿವೆ, ಮಾತ್ರೆಯೂ ಇವೆ, ಇಂಜೆಕ್ಷನ್ನೂ ಇವೆ. ಕೆಲವು ದುಬಾರಿ. ತಗೊಂಡು ಕೆಲಸ ಮಾಡುವವರು, ಮದುವೆಯಾಗಿ ಮಕ್ಕಳಿರುವವರು ನನ್ನ ಹತ್ತಿರವೇ ಬರುತ್ತಾರೆ. ಹಾಗಾಗಿ ಹೆಣ್ಣು ನೋಡುವುದನ್ನು ಶಾಶ್ವತವಾಗಿ ನಿಲ್ಲಿಸಬೇಕಾಗಿಲ್ಲ, ಒಂದಿಷ್ಟು ತಿಂಗಳು ಮುಂದಕ್ಕೆ ಹಾಕಿ. ಏನು ಕಾಯಿಲೆ ಅಂತ ಗೊತ್ತಾದ ಮೇಲೆ ಹುಡುಗಿಗೂ ಅವಳ ಮನೆಯವರಿಗೂ ಮೊದಲೇ ಹೇಳಿಬಿಡಿ. ಬೇಕಾದರೆ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ, ನಾವೇ ಕೂರಿಸಿ ವಿವರಿಸುತ್ತೇವೆ. ಸದ್ಯಕ್ಕೆ ಬಯಾಪ್ಸಿ ರಿಪೋರ್ಟ್ ಬರಲಿ, ಜಾತಕ ಆಮೇಲೆ ತೆಗೆಯಿರಿ.